ಗುಡಿ ಖಾಲಿ ಇದೆ ಎಂದು ಬರೆದ ಮಾಸ್ತರ

ಬಾಗಲಕೋಟೆಯ ಕೃಷ್ಣಾಜಿ ಮಾಸ್ತರರ ಕಾಲಿಗೆ ಚಕ್ರ ಕಟ್ಟಿದೆ ಎಂದು ಹೆಂಡತಿ ಪ್ರೇಮಾಬಾಯಿ ಅನ್ನುತ್ತಿದ್ದದ್ದು ಸುಳ್ಳಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಈ ಮನುಷ್ಯ ರವಿವಾರ ಬಂತೆಂದರೆ ಸೈಕಲ್ ಹತ್ತಿ ಐಹೊಳೆಗೆ ಓಡುವರು. ಅಲ್ಲಿಯ ಒಂದು ಹಳೇ ಗುಡಿ ಅವರ ನಿದ್ದೆ ಕೆಡಿಸಿತ್ತು. ಕುರುಬರ ಲಗಮವ್ವನ ಸಂಸಾರ ಅದರೊಳಗೇ ನಡೆಯುತ್ತಿತ್ತು. ಕಂಬಕ್ಕೆ ಕುರಿ, ಮೂಲೆಗೆ ಒಲೆ, ಛತ್ತಿನಲ್ಲಿ ಕೆತ್ತಿದ ಗಂಧರ್ವರ ಮೋರೆಯ ಮೇಲೆ ಮೂರು ತಲೆಮಾರಿನ ಮಸಿ! ಆ ಮಸಿ ಕಂಡಾಗಲೆಲ್ಲ ಮಾಸ್ತರರು ಹಣೆ ಹಣೆ ಗಟ್ಟಿಸಿಕೊಳ್ಳುವರು. ಲಗಮವ್ವ ಕೊಡುವ ಮಜ್ಜಿಗೆಯನ್ನು ಮಾತ್ರ ಒಂದು ವಾರವೂ ಬೇಡವೆಂದವರಲ್ಲ.

೧೯೫೪ರಲ್ಲಿ ಅವರು ಹಳೇ ಗುಡಿ ಕಾಯುವ ಸರ್ಕಾರಿ ಖಾತೆಗೆ, ಈ ಗುಡಿಯನ್ನು ವಶಕ್ಕೆ ತೆಗೆದುಕೊಳ್ಳಬೇಕೆಂದು ಅರ್ಜಿ ಬರೆದರು. ಒಳಗೆ ಜನ ಇದ್ದಾರೆಂದರೆ ವಿಚಾರಣೆ, ಪಂಚನಾಮೆ ಎಂದು ವರ್ಷಗಟ್ಟಲೆ ಎಳೆದೀತು. ಅಷ್ಟು ತಾಳ್ಮೆ ಅವರ ಜಾತಕದಲ್ಲೇ ಇರಲಿಲ್ಲ. 'ಗುಡಿ ಖಾಲಿ ಇದೆ, ಆಗಾಗ ದನಕರು ನುಗ್ಗುತ್ತವೆ' ಎಂದು ಗೀಚಿ ಅಂಚೆಗೆ ಹಾಕಿಬಿಟ್ಟರು. ಮರುದಿನ ತರಗತಿಯಲ್ಲಿ ಎಂದಿನಂತೆ ಮೇಜು ಗುದ್ದಿ, "ಇತಿಹಾಸ ಅಂದ್ರ ಕಟ್ಟುಕಥಿ ಅಲ್ಲ. ಬರದಾಂವ ಯಾರು, ಯಾಕ ಬರದಾ, ಮೊದಲ ಅದನ್ನ ಕೇಳ್ರಿ!" ಎಂದರು.

ಮುಂದಿನ ವರ್ಷ ಖಾತೆಯವರು ಬಂದೇ ಬಂದರು. ಹದಿನೈದು ದಿನದಲ್ಲಿ ಎಲ್ಲರೂ ಗುಡಿ ಬಿಡಬೇಕು. ಊರಿನ ಉಳಿದ ಹಳೇ ಗುಡಿಗಳಲ್ಲಿ ಹೀಗೇ ವಾಸವಿದ್ದವರಿಗೆ ಊರಾಚೆ ಮನೆಗೆ ಜಾಗ ಸಿಕ್ಕಿತು. ಲಗಮವ್ವನಿಗೆ ಸಿಗಲಿಲ್ಲ. ಕಾಗದದ ಪ್ರಕಾರ ಅವಳ ಗುಡಿಯಲ್ಲಿ ಯಾರೂ ಇರಲೇ ಇಲ್ಲವಲ್ಲ!

ಆ ರವಿವಾರ ಅವಳು ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು. "ಮಾಸ್ತರ, ನೀವು ಓದಿದವ್ರು, ಹೇಳ್ರಿ. ನಮ್ಮತ್ತಿ ಸತ್ತದ್ದು ಇಲ್ಲೇ, ನನ್ನ ರೇಣವ್ವ ಹುಟ್ಟಿದ್ದು ಇಲ್ಲೇ. ಖಾಲಿ ಐತಿ ಅಂತ ಬರದ ಕುರುಡ ಯಾಂವರಿ?"

ಮಾಸ್ತರರು ಅರ್ಧ ಕುಡಿದ ಬಟ್ಟಲನ್ನು ಕೆಳಗಿಟ್ಟರು. "ನೋಡ್ತೇನಿ ಯವ್ವಾ" ಎಂದವರೇ ಸೈಕಲ್ ಹತ್ತಿದರು.

ವಾರವಿಡೀ ಕೂತಲ್ಲಿ ಕೂರಲಿಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಖರೆ ಹೇಳಿದರೆ ಮಾನ ಹೋಗುತ್ತದೆ, ನೌಕರಿಯೂ ಹೋದೀತು. ಹೇಳದಿದ್ದರೆ ಅವಳು ಬೀದಿಗೆ ಬೀಳುತ್ತಾಳೆ. ಕೊನೆಗೆ ತಡೆಯಲಾರದೆ ಹೆಂಡತಿಯ ಮುಂದೆ ಎಲ್ಲ ಒದರಿದರು.

ಪ್ರೇಮಾಬಾಯಿ ಸೊಪ್ಪು ಸೋಸುತ್ತಲೇ, "ಸಾವಿರ ವರ್ಷದ ಹಿಂದಿನ ರಾಜರ ಸುಳ್ಳು ಹುಡುಕ್ತೀರಿ. ಹೋದ ವರ್ಷದ ನಿಮ್ಮ ಸುಳ್ಳು ಯಾರು ತಿದ್ದಬೇಕು?" ಎಂದರು.

ಇನ್ನೆರಡೇ ದಿನ ಉಳಿದಿತ್ತು. ಮಾಸ್ತರರು ರಜೆ ಹಾಕಿ ಐಹೊಳೆಗೆ ಹೋದರು, ಒಲೆಯ ಪಕ್ಕ ಕೂತು ಹೊಸ ಅರ್ಜಿ ಬರೆದರು. ಇಲ್ಲಿ ಬಾಳಿದವರ ಹೆಸರುಗಳನ್ನು ಲಗಮವ್ವನ ಬಾಯಿಂದಲೇ ಕೇಳಿ ಬರೆದರು. ಸಾಕ್ಷಿ ಏನೆಂದು ತಲೆ ಎತ್ತಿದರೆ ಮೇಲೆ ಮಸಿ. 'ಮೂರು ತಲೆಮಾರಿನ ಒಲೆಯ ಮಸಿ ಛತ್ತಿನ ಮೇಲಿದೆ, ತೊಳೆಯುವ ಮೊದಲು ಬಂದು ನೋಡಬೇಕು' ಎಂದು ಬರೆದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "ಹಿಂದೆ ಖಾಲಿ ಎಂದು ಬರೆದದ್ದು ಸುಳ್ಳು. ಬರೆದವನು ನಾನೇ."

ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು. ಲಗಮವ್ವ ಅವರ ಮುಂದೆ ತುಂಬಿಟ್ಟಿದ್ದ ಮಜ್ಜಿಗೆಯ ಬಟ್ಟಲನ್ನು ಎತ್ತಿ ಒಳಗಿಟ್ಟಳು. ಆಮೇಲೆ ಒಲೆಗಲ್ಲಿನ ಮಸಿಗೆ ಹೆಬ್ಬೆರಳು ತಿಕ್ಕಿ, "ಎಲ್ಲಿ ಒತ್ತಬೇಕು, ತೋರಸ್ರಿ" ಎಂದಳು.

ಮುಂದೆ ಅವಳಿಗೆ ಜಾಗ ಸಿಕ್ಕಿತು, ಮಾಸ್ತರರಿಗೆ ಛೀಮಾರಿ ಸಿಕ್ಕಿತು. ರವಿವಾರದ ಸೈಕಲ್ ನಿಲ್ಲಲಿಲ್ಲ. ಆ ಮನೆಯ ಮಜ್ಜಿಗೆ ಮಾತ್ರ ಅವರಿಗೆ ಮತ್ತೆಂದೂ ಸಿಗಲಿಲ್ಲ.