ಸಾಹೇಬರಿಗೆ ಇಟಲಿಯ ವೈನು

ಸತ್ಯಭಾಮಾ ಗುಲಬರ್ಗಾದವಳು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೈದರಾಬಾದಿನ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದಳು. ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಮನೆ.

೨೦೦೬ರಲ್ಲಿ ಕಂಪನಿ ಅವಳನ್ನು ಕೆಲವು ತಿಂಗಳು ಇಟಲಿಯ ಟುರಿನ್‌ಗೆ ಕಳಿಸಿತ್ತು. ಬಾಡಿಗೆಗಿದ್ದ ಮನೆಯ ಒಡತಿ ಒಬ್ಬ ಮುದುಕಿ. ದಿನಾ ಊಟಕ್ಕೆ ಕರೆದು ಎದುರಿಗೆ ಕೂರಿಸಿಕೊಂಡು, ಕೇಳದೆಯೇ ಒಂದು ಗ್ಲಾಸು ಕೆಂಪು ವೈನು ಬಗ್ಗಿಸುತ್ತಿದ್ದಳು. ಏಕಾದಶಿಗೆ ನೀರೂ ಮುಟ್ಟದ ಮನೆತನದಲ್ಲಿ ಬೆಳೆದ ಸತ್ಯಭಾಮಾ ಮೊದಲು ಹೆದರಿದಳು, ಆಮೇಲೆ ರುಚಿ ಹತ್ತಿತು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಊಟ ಮುಗಿದ ಮೇಲೂ ಇಬ್ಬರೂ ಏಳುತ್ತಿರಲಿಲ್ಲ.

ಹೈದರಾಬಾದಿಗೆ ಮರಳಿದ ಮೇಲೆ ಒಂದು ಶನಿವಾರ ಸಂಜೆ ಬೇಗಂಪೇಟೆಯಲ್ಲಿ ಕ್ಯಾಬು ಸಿಗ್ನಲ್ಲಿಗೆ ನಿಂತಿತ್ತು. ರಸ್ತೆಯಂಚಿನ ವೈನ್ ಶಾಪಿನ ಜಾಲರಿಗೆ ಒಂದು ರಟ್ಟು ಕಟ್ಟಿದ್ದರು: ಇಟಲಿ ವೈನು ಅರ್ಧ ಬೆಲೆಗೆ. ಯಾವುದೋ ಹೋಟೆಲಿಗೆಂದು ಮಾಲೀಕ ತರಿಸಿದ್ದ ಮಾಲು ಅದು. ಹೋಟೆಲಿನವರು ಕೈಯೆತ್ತಿಬಿಟ್ಟಿದ್ದರು. ಬಿಯರು, ವಿಸ್ಕಿಗೆ ಮುಗಿಬೀಳುವ ಗಿರಾಕಿಗಳಲ್ಲಿ ಅದನ್ನು ಕೇಳುವವರೇ ಇರಲಿಲ್ಲ.

ಸತ್ಯಭಾಮಾ ಕ್ಯಾಬನ್ನು ಬದಿಗೆ ಹಾಕಿಸಿ ಇಳಿದಳು. ಗಂಡಸರ ಗುಂಪಿನಿಂದ ದೂರ ನಿಂತು ಹಿಂದಿಯಲ್ಲಿ, ಟುರಿನ್ನಿನ ಮುದುಕಿ ಬಗ್ಗಿಸುತ್ತಿದ್ದ ಬರೋಲೊ ವೈನು ಇದೆಯೇ ಎಂದು ಕೇಳುತ್ತಿರುವಾಗಲೇ ಅಕ್ಕನ ಫೋನು ಬಂತು. "ಹೊರಗದೀನಿ, ಮನಿಗೆ ಹೋಗಿ ಮಾತಾಡ್ತೀನಿ" ಎಂದು ಇಟ್ಟಳು. ಕೌಂಟರಿನಲ್ಲಿದ್ದವನ ಮುಖ ಅರಳಿತು.

"ಅಕ್ಕಾರ, ನಮ್ಮ ಕಡಿಯವರೇನ್ರಿ? ನಾ ಸಾಬಣ್ಣರಿ, ಯಾದಗಿರಿ ಕಡಿಯಾಂವ." ಪಕ್ಕದ ಬಾಗಿಲಿಂದ ಅವಳನ್ನು ಒಳಗೆ ಕರೆದು, ಬಾಟಲಿಯ ಧೂಳು ಒರೆಸಿ ಕೊಟ್ಟ. "ಸಾಹೇಬ್ರಿಗೇನ್ರಿ?"

"ಹೂಂ," ಅಂದುಬಿಟ್ಟಳು.

ಮುಂದಿನ ಶನಿವಾರ ಸಾಬಣ್ಣ ಕೇಳಿದ: "ಸಾಹೇಬ್ರಿಗೆ ಹಿಡಿಸ್ತೇನ್ರಿ?"

"ಹಿಡಿಸ್ತು. ಸ್ವಲ್ಪ ಒಗರಿತ್ತಂತ."

"ಹಂಗಾರ ಇದನ್ನ ಒಯ್ರಿ. ನನಗೇನ್ ತಿಳಿತೈತ್ರಿ, ಚೀಟಿ ಚಂದ ಐತಿ."

ಹೀಗೆ ಪ್ರತಿ ಶನಿವಾರ ನಡೆಯಿತು. ಸಾಹೇಬರಿಗೆ ಒಮ್ಮೆ ನೆಗಡಿಯಾಯಿತು, ಒಮ್ಮೆ ಪುಣೆಗೆ ಹೋದರು, ಅವರಿಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಅಂದರೆ ಪ್ರಾಣ. ಮನೆಯಲ್ಲಿ ಸತ್ಯಭಾಮಾ ಟಿವಿ ಹಾಕಿಕೊಂಡು ಒಂದು ಗ್ಲಾಸು ಕುಡಿಯುವಳು. ಒಬ್ಬಳಿಗೆ ಒಂದು ಬಾಟಲಿ ಮುಗಿಯುವುದಲ್ಲ. ಉಳಿದದ್ದು ಎರಡು ಮೂರು ದಿನಕ್ಕೆ ಹುಳಿಯಾಗಿ ಸಿಂಕಿಗೆ ಹೋಗುತ್ತಿತ್ತು. ಕುಡಿಯುವಾಗ ಒಮ್ಮೊಮ್ಮೆ, ಇದಕ್ಕೆ ಸಾಹೇಬರು ಏನಂದರೆಂದು ಹೇಳಲಿ ಎಂದು ಯೋಚಿಸುತ್ತಿದ್ದಳು. ವಾರದಲ್ಲಿ ಕೆಲಸದ ಹೊರತಾಗಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ಅಂಗಡಿಯಲ್ಲಿ ಮಾತ್ರ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಬಣ್ಣ ಸಂಕೋಚದಿಂದ ಒಂದು ಲಕೋಟೆ ತಂದ. "ಮಗಳು ಅಪೂರ್ವ ಎಂಸಿಎ ಮುಗಿಸ್ಯಾಳ್ರಿ. ಸಾಹೇಬ್ರು ಕಂಪ್ಯೂಟರ್ ಕಂಪನ್ಯಾಗ ಅದಾರಂತ ಹೇಳಿದ್ರಿ. ಒಂದ್ ಮಾತು ಹಾಕಿದ್ರ..."

ಎದುರಿಗೆ ನಿಂತವಳಿಗೇ ಆ ಮಾತು ಹಾಕಲು ಬರುತ್ತದೆಂದು ಅವನಿಗೆ ಹೊಳೆಯಲಿಲ್ಲ. ಸತ್ಯಭಾಮಾ "ಹೇಳ್ತೀನಿ" ಎಂದು ಲಕೋಟೆ ಇಸಿದುಕೊಂಡಳು. ಕಂಪನಿಗಳು ಹುಡುಕಿ ಹುಡುಕಿ ಜನ ತುಂಬಿಕೊಳ್ಳುತ್ತಿದ್ದ ಕಾಲ. ಅವಳು ಅದನ್ನು ತನ್ನ ಕಂಪನಿಯ ನೇಮಕಾತಿಯವರಿಗೆ ಕೊಟ್ಟು, ಸಂದರ್ಶನದಿಂದ ದೂರ ಉಳಿದಳು. ಅಪೂರ್ವ ಚೆನ್ನಾಗಿ ಉತ್ತರಿಸಿ ಆಯ್ಕೆಯಾದಳು.

"ಐತವಾರ ಸಾಹೇಬ್ರನ್ನ ಕಂಡು ಹೋಗ್ತೀವ್ರಿ," ಎಂದ ಸಾಬಣ್ಣ. ಎಷ್ಟು ಬೇಡವೆಂದರೂ ಕೇಳದೆ ವಿಳಾಸ ತಿಳಿದುಕೊಂಡ. ಟೂರಿಗೆ ಹೋಗಿದ್ದಾರೆ ಎಂದರಾಯಿತು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ಸಾಬಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಜೊತೆಗೆ ಹೆಂಡತಿ ಗಿರಿಜಾಬಾಯಿ, ಮಗಳು ಅಪೂರ್ವ. ಡಬ್ಬಿ ತುಂಬ ಶೇಂಗಾ ಹಿಂಡಿ, ಸಾಹೇಬರಿಗೊಂದು ಶಾಲು. ಸತ್ಯಭಾಮಾ "ಅವರು ಹೊರಗ ಹೋಗ್ಯಾರ" ಎಂದಳು. ಟೂರು ಎಂಬ ಮಾತು ಬಾಯಿಗೆ ಬರಲಿಲ್ಲ.

"ಅವ್ರು ಬರೂತನಕ ಕುಂದರ್ತೀವ್ರಿ," ಎಂದಳು ಗಿರಿಜಾಬಾಯಿ. ಸೋಫಾದ ಅಂಚಿನಲ್ಲಿ ಮೂವರೂ ಕೂತರು.

ಸತ್ಯಭಾಮಾ ಚಹಾ ಮಾಡಿ ತಂದಳು. ಕುಡಿದಾಯಿತು. ಯಾರೂ ಏಳಲಿಲ್ಲ. ಬಾಗಿಲಿನ ಕಡೆ ನೋಡುತ್ತಿದ್ದ ಸಾಬಣ್ಣನನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಸಾಹೇಬ್ರು ಬರೂದಿಲ್ಲ, ಸಾಬಣ್ಣ. ಅಂಥವ್ರು ಯಾರೂ ಇಲ್ಲ. ನನ್ನ ಲಗ್ನ ಆಗಿಲ್ಲ. ನಮ್ಮ ಕಂಪನ್ಯಾಗ ಲಕೋಟೆ ಕೊಟ್ಟಾಕಿ ನಾನು. ಆ ವೈನು ಕುಡಿಯಾಕಿನೂ ನಾನ."

ಸಾಬಣ್ಣ ತಲೆ ತಗ್ಗಿಸಿ ಕಾಲ ಬೆರಳು ನೋಡಿಕೊಂಡ. ಅಪೂರ್ವ ತಂದೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು. ಗಿರಿಜಾಬಾಯಿ ಮಾತ್ರ ಮನೆಯನ್ನೆಲ್ಲ ಕಣ್ಣಾಡಿಸಿ ಕೇಳಿದಳು: "ಇಷ್ಟ್ ದೊಡ್ಡ ಮನ್ಯಾಗ ಒಬ್ಬಾಕಿನ ಇರ್ತೀರೇನ್ರಿ, ನಮ್ಮವ್ವ?"

ಹೈದರಾಬಾದಿಗೆ ಬಂದಾಗಿನಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಗಿರಿಜಾಬಾಯಿ ಎದ್ದು ಶಾಲು ಬಿಡಿಸಿ ಅವಳ ಹೆಗಲಿಗೆ ಹೊದಿಸಿದಳು.

ಮುಂದಿನ ಶನಿವಾರ ಅಂಗಡಿಗೆ ಹೋದಾಗ ಸಾಬಣ್ಣ ಸ್ಟೂಲಿನಿಂದ ಎದ್ದು ನಿಂತ. "ನಮಸ್ಕಾರ್ರಿ ಮೇಡಂ." ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟ. ಹೋದ ಸಲದ್ದು ಹೇಗಿತ್ತೆಂದು ಕೇಳಲಿಲ್ಲ. ಮಗಳ ಕಂಪನಿಯ ದೊಡ್ಡ ಮೇಡಮ್ಮಿಗೆ, ಅದೂ ಹೆಣ್ಣುಮಗಳಿಗೆ, ಕುಡಿದದ್ದು ಹೇಗಿತ್ತೆಂದು ಕೇಳುವುದು ಅವನಿಂದ ಆಗದು. ಅವಳು ಕೌಂಟರಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಅವನು ಬಿಯರಿನ ಗಿರಾಕಿಗಳ ಕಡೆ ತಿರುಗಿದ. ಅವನು ಅವಳಿಗೆ ಅಷ್ಟು ಮರ್ಯಾದೆ ಹಿಂದೆಂದೂ ಕೊಟ್ಟಿರಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ನಿಜ ಹೇಳಿದ್ದಕ್ಕೇ ಅವಳು ಹೆಚ್ಚು ಪಶ್ಚಾತ್ತಾಪಪಟ್ಟಳು.

ದೀಪಾವಳಿ ಕಳೆಯುವಷ್ಟರಲ್ಲಿ ಇಟಲಿ ಮಾಲು ಮುಗಿಯಿತು. ಪೂರ್ತಿ ಬೆಲೆ ಕೊಟ್ಟು ಬೇರೆ ಕಡೆ ಕೊಳ್ಳುವಷ್ಟು ಅವಳ ಸಂಬಳವಿತ್ತು. ಕೊಳ್ಳಲಿಲ್ಲ.

ಜನವರಿಯಲ್ಲಿ ಗಿರಿಜಾಬಾಯಿ ಫೋನು ಮಾಡಿದಳು. "ನಾಂಪಲ್ಲಿ ಎಕ್ಸಿಬಿಷನ್ನಿಗೆ ಹೊಂಟೀವ್ರಿ. ಬರ್ರಿ." ಕೆಲಸವಿದೆ ಎಂದು ಹೇಳಹೊರಟವಳು ಬರ್ತೀನಿ ಎಂದುಬಿಟ್ಟಳು. ಜನಜಂಗುಳಿಯಲ್ಲಿ ಗಿರಿಜಾಬಾಯಿ ಅವಳ ಮೊಣಕೈ ಹಿಡಿದುಕೊಂಡೇ ನಡೆದಳು, ಬಳೆ ಅಂಗಡಿಯಲ್ಲಿ ಚೌಕಾಸಿ ಮಾಡಿದಳು. ಸಾಬಣ್ಣ ಮುಂದೆ ಮುಂದೆ ಹೋಗುತ್ತ, ಮಿರ್ಚಿ ಬಜ್ಜಿಯ ಪೊಟ್ಟಣ ತಂದು ಮೊದಲು ಅವಳಿಗೇ ಕೊಟ್ಟು ಮತ್ತೆ ದೂರ ನಿಂತ.

ಗೇಟಿನ ಹೊರಗೆ ಅವರ ಬಸ್ಸು ಬಂತು. "ಮುಂದಿನ ವಾರ ಊಟಕ್ಕ ಬರ್ರಿ," ಎಂದು ಕಿಟಕಿಯಿಂದ ಕೂಗಿದಳು ಗಿರಿಜಾಬಾಯಿ. ಸತ್ಯಭಾಮಾ ಕೈಯೆತ್ತಿ ಆಗಲಿ ಎಂದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, ಗಚ್ಚಿಬೌಲಿಗೆ ಬರುತ್ತೀಯಾ ಎಂದು ಒಂದೊಂದೇ ಆಟೋವನ್ನು ಕೇಳುತ್ತ ನಿಂತಳು.