ಪಕ್ಕದ ಸೀಟು

ಗೋಕುಲ ರಸ್ತೆಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಮೂರು ಗಾಲಿಯ ಸರಕು ಗಾಡಿಗಳು ತಯಾರಾಗುತ್ತವೆ. ಚಾಲಕ ಕೂಡುವ ಕ್ಯಾಬಿನ್ನಿನ ವಿನ್ಯಾಸ ನನ್ನ ಪಾಲಿನ ಕೆಲಸ. ಮೊದಲ ಸಲ ಭೇಟಿಯಾದವರು ನೀವೇನು ಮಾಡುತ್ತೀರಿ ಎಂದು ಕೇಳಿ, ಸೀಟು ಮಾಡುತ್ತೇನೆ ಎಂಬ ಉತ್ತರ ಬಂದಾಗ ಸುಮ್ಮನೆ ನಗುತ್ತಾರೆ. ಎಂಜಿನಿಯರ್ ಎಂದರೆ ಎಂಜಿನ್ನಿಗೆ ಕೈ ಹಾಕುವವರು ಎಂದು ಅವರ ಲೆಕ್ಕ.

ನಮ್ಮ ಹಳೆಯ ಎಂ.ಡಿ. ಸಾಹೇಬರಿಗೆ ಒಂದು ಪದ್ಧತಿಯಿತ್ತು. ಆಗಾಗ ನಮ್ಮಲ್ಲಿ ಒಬ್ಬೊಬ್ಬರನ್ನು ಗಿರಾಕಿಗಳ ಗಾಡಿಯಲ್ಲಿ ಇಡೀ ದಿನ ತಿರುಗಾಡಲು ಕಳಿಸುತ್ತಿದ್ದರು. “ನಮ್ಮ ಗಾಡ್ಯಾಗ ಮಂದಿ ಹೆಂಗ ಕುಂದರ್ತಾರ, ಹೆಂಗ ಇಳೀತಾರ, ನೋಡ್ಕೊಂಡ ಬರ್ರಿ” ಎನ್ನುತ್ತಿದ್ದರು. ವರದಿ ಕೇಳುತ್ತಿರಲಿಲ್ಲ. ಮರುದಿನ ಚಹಾದ ಹೊತ್ತಿಗೆ ಬಂದು ಎದುರು ಕೂತು, ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಹಾಗೆ ಹೋದ ಒಂದು ದಿನ ಉಣಕಲ್ಲಿನ ಗಾದಿ ಹಾಕುವ ದಂಪತಿಯ ಪರಿಚಯವಾಯಿತು. ಗಂಡ ಗಾದಿಯೊಳಗೆ ತುಂಬುವ ಅರಳಿ, ಅಂದರೆ ಹತ್ತಿ, ಹಿಂಜುತ್ತಿದ್ದರು, ಹೆಂಡತಿ ಹೊಲಿಯುತ್ತಿದ್ದರು. ಅವರನ್ನು ನಾನು ಚಾಚಾ, ಚಾಚಿ ಎಂದು ಕರೆದೆ. ಅವರು ನನ್ನನ್ನು ಅಕ್ಕಾರ ಎಂದರು. ಆ ದಿನ ಅಮ್ಮಿನಬಾವಿಯಲ್ಲಿ ಒಂದು ಮದುವೆ ಮನೆಗೆ ಗಾದಿ ಹಾಕುವ ಕೆಲಸವಿತ್ತು. ಚಾಚಾನ ಪಕ್ಕ ನಾನು ಕೂಡಲು ಹೋದರೆ ಚಾಚಿ ತಡೆದರು.

“ಅದು ನನ್ನ ಜಾಗಾರೀ ಅಕ್ಕಾರ. ನೀವು ಹಿಂದ ಅರಳಿ ಚೀಲದ ಮ್ಯಾಲ ಕುಂದರ್ರಿ. ನಿಮಗೂ ಮೆತ್ತಗ ಆಕ್ಕೇತಿ.”

ದಾರಿಯುದ್ದಕ್ಕೂ ಹಿಂದಿನ ಕಿಂಡಿಯಿಂದ ಅವರಿಬ್ಬರ ಬೆನ್ನು ನೋಡುತ್ತ, ಮಾತು ಕೇಳುತ್ತ ಕೂತಿದ್ದೆ. ಓಣಿ ಬಂದಾಗ ಚಾಚಿ ಕತ್ತು ಹೊರಗೆ ಹಾಕಿ “ಗಾದಿ ಹಾಕೋರು” ಎಂದು ಕೂಗುತ್ತಿದ್ದರು. ಯಾವ ಮನೆಗೆ ಹೋದ ವರ್ಷ ಎಂಥ ಗಾದಿ ಹಾಕಿದ್ದೆವು ಎಂದು ಗಂಡನಿಗೆ ನೆನಪಿಸುತ್ತಿದ್ದರು. ನಡುವೆ ಯಾವುದೋ ಸಂಬಂಧಿಕರ ವಿಷಯಕ್ಕೆ ಜಗಳವಾಯಿತು. ಊರು ಮುಟ್ಟುವಷ್ಟರಲ್ಲಿ ಜಗಳ ಮುಗಿದು, ಇಬ್ಬರೂ ಒಂದೇ ಡಬ್ಬಿಯಿಂದ ಶೇಂಗಾ ತಿನ್ನುತ್ತಿದ್ದರು. ಹಳೆಯ ಮಾದರಿಯ ಆ ಸೀಟು ಅಗಲವಾಗಿತ್ತು. ಅದು ನನ್ನ ಮೊದಲ ಕೆಲಸ. ಅದರ ಮೇಲೆ ಇಬ್ಬರು ಹೀಗೆ ಕೂತು ಬಾಳುವೆ ಮಾಡುತ್ತಾರೆಂದು ಚಿತ್ರ ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಒಂದು ಸೋಮವಾರ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿದರು. ಕಂಪನಿಯಲ್ಲಿ ಹೊರಗಿನವರು ದೊಡ್ಡ ಪಾಲು ಕೊಂಡಿದ್ದಾರೆ, ಸಾಹೇಬರು ಹುದ್ದೆ ಬಿಡುತ್ತಿದ್ದಾರೆ ಎಂದು ಆಡಳಿತ ವಿಭಾಗದವರು ಓದಿ ಹೇಳಿದರು. ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು. ಕೊನೆಗೆ, “ಕೆಲಸ ಛಂದಾಗಿ ಮಾಡ್ಕೊಂಡ ಹೋಗ್ರಿ” ಎಂದಷ್ಟೇ ಹೇಳಿ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಊಟದ ತಟ್ಟೆ ತೆಗೆದುಕೊಂಡರು. ನನ್ನ ಪಕ್ಕದಲ್ಲಿದ್ದವರು ಅತ್ತರು. ನನಗೆ ಅಳು ಬರಲಿಲ್ಲ. ಅನ್ನ ಸಾರು ಕಲಸಿಕೊಂಡು ಉಂಡೆ. ರುಚಿ ಹೇಗಿತ್ತೆಂದು ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಹೊಸ ಎಂ.ಡಿ. ಪುಣೆಯಿಂದ ಬಂದರು. ಕೆಟ್ಟವರಲ್ಲ. ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಬಾಗಿಲಲ್ಲಿ ಎದುರಾದರೆ ತಾವೇ ಸರಿದು ದಾರಿ ಬಿಡುತ್ತಿದ್ದರು. ದಸರೆಯೊಳಗೆ ಬ್ಯಾಟರಿ ಗಾಡಿ ಮಾರುಕಟ್ಟೆಗೆ ಬರಬೇಕು ಎಂದರು. ಹೊಸ ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಮಾಡಲು ಸಮಯವಿರಲಿಲ್ಲ. ಹಳೆಯ ಚಾಸಿಯಲ್ಲೇ ಬ್ಯಾಟರಿ ಕೂಡಿಸಬೇಕೆಂದರೆ ಇದ್ದ ಜಾಗ ಇಷ್ಟೇ: ಸೀಟಿನ ಕೆಳಗೆ, ಮತ್ತು ಸೀಟಿನ ಎಡಕ್ಕೆ. ಅಂದರೆ ಪಕ್ಕದಲ್ಲಿ ಇನ್ನೊಬ್ಬರು ಕೂಡುವಂತಿಲ್ಲ.

ಸಭೆಯಲ್ಲಿ ನಾನು ಬೇಡವೆಂದೆ. ಚಾಸಿ ಬದಲಿಸಿ ಬ್ಯಾಟರಿಯನ್ನು ಸರಕು ಹೇರುವ ಭಾಗದ ಕೆಳಗೆ ಹಾಕೋಣ, ಕೆಲವು ತಿಂಗಳು ತಡವಾದರೂ ಆಗಲಿ ಎಂದೆ. ಮಾರ್ಕೆಟಿಂಗ್ ವಿಭಾಗಕ್ಕೆ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಮುಖ್ಯಸ್ಥೆ ತಾಳ್ಮೆಯಿಂದ ಕೇಳಿಸಿಕೊಂಡರು.

“ಮೇಡಂ, ನಮ್ಮ ಕಸ್ಟಮರ್ ಈಗ ಬೇರೆ. ಒಬ್ಬನೇ ಇರ್ತಾನೆ, ಕೈಯಲ್ಲಿ ಫೋನು, ಹಿಂದೆ ಪಾರ್ಸೆಲ್ಲು. ಅವನ ಪಕ್ಕ ಯಾರು ಕೂತ್ಕೋತಾರೆ?”

“ಗಂಡ ಹೆಂಡತಿ ಕೂಡೇ ದುಡಿಯೋರು ಭಾಳ ಮಂದಿ ಅದಾರ್ರಿ,” ಎಂದೆ. “ಗಾದಿ ಹಾಕೋರು, ಕಾಯಿಪಲ್ಲೆ ಮಾರೋರು. ಇಬ್ಬರೊಳಗ ಒಬ್ಬರು ಹಿಂದ ಉಳದ್ರ ಅವರ ಕೆಲಸಾನ ಆಗೂದಿಲ್ಲ.”

“ಇರಬಹುದು. ಅಂಥವರು ಎಷ್ಟು ಜನ ಇದಾರೆ? ಏನಾದ್ರೂ ಅಂಕಿ ಅಂಶ ಇದೆಯಾ ನಿಮ್ಮ ಹತ್ರ?”

ಇರಲಿಲ್ಲ. ಅರಳಿ ಚೀಲದ ಮೇಲೆ ಕೂತು ನೋಡಿದ ಎರಡು ಬೆನ್ನುಗಳಿದ್ದವು, ಅಷ್ಟೇ. ಎಂ.ಡಿ. ನನ್ನ ಕಡೆ ನೋಡಿ, ಮಾತು ಸರಿಯಿದೆ, ಮುಂದಿನ ಮಾದರಿಯಲ್ಲಿ ಖಂಡಿತ ಯೋಚಿಸೋಣ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಮುಂದಿನ ವಿಷಯಕ್ಕೆ ಹೋದರು.

ಒಂದೇ ಸೀಟಿನ ಚಿತ್ರವನ್ನು ನಾನೇ ಬರೆದೆ. ಚೆನ್ನಾಗಿಯೇ ಬರೆದೆ. ಆ ದಿನಗಳಲ್ಲಿ ಕಾಲಿಗೆ ಜೋಮು ಹಿಡಿದಾಗ ಆಗುವಂಥದ್ದೇನೋ ಇಡೀ ಮೈಗೆ ಆಗಿತ್ತು. ನಡೆಯುತ್ತಿದ್ದೆ, ನೆಲ ತಾಗುತ್ತಿರಲಿಲ್ಲ. ಧಾರವಾಡದ ಮನೆಗೆ ಮರಳಿದಾಗ ನನ್ನವರು, “ಯಾಕ, ಆಫೀಸಿನ್ಯಾಗ ಏನರ ಆತೇನು?” ಎಂದು ಕೇಳುತ್ತಿದ್ದರು. “ಏನಿಲ್ಲ,” ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸುತ್ತಿರಲಿಲ್ಲ.

ಗಾಡಿ ದಸರೆಗೆ ಸರಿಯಾಗಿ ಬಂತು. ಹಳೆಯ ಮಾದರಿಯ ತಯಾರಿಕೆ ನಿಂತಿತು. ಗೋಡೆಗಳ ಮೇಲೆ, ಬಸ್ಸುಗಳ ಹಿಂಬದಿಯಲ್ಲಿ ಜಾಹೀರಾತು ಕಂಡಿತು: ಕಪ್ಪು ಕನ್ನಡಕದ ಯುವಕನೊಬ್ಬ ಒಂಟಿಯಾಗಿ ಗಾಡಿ ಓಡಿಸುತ್ತಿದ್ದಾನೆ, ಹಿಂದೆ ದೊಡ್ಡ ಪೇಟೆಯ ದೀಪಗಳು. ಅಂಥ ಯುವಕರು ಮೊದಮೊದಲು ಕೊಂಡರು. ಆಮೇಲೆ ಮಾರಾಟ ಇಳಿಯುತ್ತ ಹೋಯಿತು. ಯಾಕೆ ಎಂದು ಚರ್ಚಿಸಲು ನಡೆದ ಸಭೆಗಳಲ್ಲಿ ಬಣ್ಣದ ಬಗ್ಗೆ, ಹಾರ್ನಿನ ಸದ್ದಿನ ಬಗ್ಗೆ ಮಾತು ಬಂತು. ನಾನು ಬಾಯಿ ತೆರೆಯಲಿಲ್ಲ. ಸಿಟ್ಟೇನೂ ಇರಲಿಲ್ಲ. ಆಡಬೇಕೆಂಬ ಮನಸ್ಸೇ ಇರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಉಣಕಲ್ ಕೆರೆಯ ಹತ್ತಿರ ಚಾಚಾ ಸಿಕ್ಕರು. ನಮ್ಮ ಹೊಸ ಗಾಡಿಯನ್ನೇ ಓಡಿಸುತ್ತಿದ್ದರು. ಹಳೆಯದರ ಎಂಜಿನ್ ಕೈಕೊಟ್ಟಿತ್ತಂತೆ, ಕಂಪನಿ ಮೇಲಿನ ನಂಬಿಕೆಯಿಂದ ಇದನ್ನೇ ಕೊಂಡರಂತೆ. ನನ್ನನ್ನು ಒತ್ತಾಯದಿಂದ ಮನೆಗೆ ಕರೆದರು. ಅವರು ಗಾಡಿಯಲ್ಲಿ ನಿಧಾನವಾಗಿ ಮುಂದೆ ಹೋದರು, ನಾನು ನಡೆಯುತ್ತ ಹಿಂದೆ ಹೋದೆ.

ಚಾಚಿ ಪಡಸಾಲೆಯಲ್ಲಿ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತ ಕೂತಿದ್ದರು. ಅಕ್ಕಪಕ್ಕದ ಇಬ್ಬರು ಹೆಂಗಸರೂ ಜೊತೆಗಿದ್ದರು.

“ನೀವು ಈಗ ಗಾಡ್ಯಾಗ ಹೋಗೂದಿಲ್ಲೇನ್ರಿ?” ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

“ಎಲ್ಲಿ ಕುಂದರ್ಲಿರೀ? ಮೊದಲ ಸ್ವಲ್ಪ ದಿನ ಹಿಂದ ಕುಂತ ಹೊಂಟಿದ್ದೆ, ಅರಳಿ ಚೀಲ ಇದ್ದಂಗ. ಒಮ್ಮೆ ಬೈಪಾಸ್‌ನ್ಯಾಗ ಪೊಲೀಸರು ನಿಲ್ಲಿಸಿ, ಇದರಾಗ ಮಂದಿ ಹೇರಬಾರದು ಅಂತ ಇಳಿಸಿಬಿಟ್ರು. ಇವರು ಮುಂದ ಹೋದ್ರು, ನಾ ಬಿಸಲಾಗ ಬಸ್ ಸ್ಟ್ಯಾಂಡ್ ತನಕಾ ನಡದೆ. ಮರುದಿನದಿಂದ ಬಿಟ್ಟೆ.”

ಅವರ ದನಿಯಲ್ಲಿ ದೂರು ಇರಲಿಲ್ಲ. ಆ ಸೀಟನ್ನು ಚಿತ್ರಿಸಿದ್ದು ನಾನೇ ಎಂದು ಹೇಳಿದೆ. ಬೇಡವೆಂದು ವಾದಿಸಿದ್ದನ್ನೂ ಹೇಳಿದೆ.

“ಆಗಲಿ ಬಿಡ್ರಿ, ನಿಮ್ಮ ಕೈಯಾಗ ಏನೈತಿ,” ಎಂದು ಚಾಚಿ ಚಹಾ ಸುರಿದುಕೊಟ್ಟರು. ಚಾಚಾ ಮಾತ್ರ ಬಾಗಿಲಲ್ಲಿ ನಿಂತು, “ಒಬ್ಬಾಂವ ಹೋದ್ರ ದಾರಿ ಸರಿಯೂದಿಲ್ರಿ ಅಕ್ಕಾರ. ಓಣ್ಯಾಗ ಕೂಗಾಕ ನಂಗ ನಾಚಿಕಿ ಬರ್ತದ,” ಎಂದರು. ಹೆಂಗಸರು ನಕ್ಕರು. ಚಹಾ ಬಿಸಿಯಾಗಿತ್ತು, ಬಟ್ಟಲು ಎಷ್ಟೋ ಹೊತ್ತು ಹಿಡಿದೇ ಕೂತಿದ್ದೆ.

ಪುಣೆಯವರೂ ಹೆಚ್ಚು ಕಾಲ ಉಳಿಯಲಿಲ್ಲ. ಮತ್ತೆ ಕ್ಯಾಂಟೀನಿನಲ್ಲಿ ಸೇರಿದೆವು, ಮತ್ತೆ ಯಾರೋ ಓದಿ ಹೇಳಿದರು. ಮೂರನೆಯ ಎಂ.ಡಿ. ಬಂದ ಕೆಲವೇ ವಾರಗಳಲ್ಲಿ ಮಾರ್ಕೆಟಿಂಗ್ ವಿಭಾಗ ಹೊಸ ವಿಚಾರ ತಂದಿತು: ಕುಟುಂಬ ಸಮೇತ ದುಡಿಯುವವರಿಗಾಗಿ ಇಬ್ಬರು ಕೂಡುವ ಕ್ಯಾಬಿನ್. ಬೆಂಗಳೂರಿನ ಅದೇ ಮುಖ್ಯಸ್ಥೆ ನನ್ನ ಮೇಜಿನ ಹತ್ತಿರ ಬಂದು, “ನೀವು ಆವತ್ತೇ ಹೇಳಿದ್ರಿ ಮೇಡಂ,” ಎಂದರು. ಹಾಗೆ ಬಂದು ಒಪ್ಪಿಕೊಳ್ಳಲು ಧೈರ್ಯ ಬೇಕು ಎಂದು ಈಗ ಅನ್ನಿಸುತ್ತದೆ. ಆಗ ನಾನು ತಲೆಯಾಡಿಸಿ, ಹೊಸ ಚಾಸಿಯ ಅಳತೆ ಯಾವಾಗ ಸಿಗುತ್ತದೆ ಎಂದಷ್ಟೇ ಕೇಳಿದೆ.

ಹ್ಯಾಂಡಲ್ ಸಮೇತ ಕ್ಯಾಬಿನ್ನಿನ ಮಾದರಿಯನ್ನು ಮೊದಲು ಪ್ಲೈವುಡ್ಡಿನಲ್ಲಿ ಕಟ್ಟಿದೆವು. ಕೂತು ನೋಡಲು ಯಾರನ್ನಾದರೂ ಕರೆಸಬೇಕೆಂದಾಗ ಚಾಚಾ ಚಾಚಿಯನ್ನು ಕರೆಸಿದೆ. ಇಬ್ಬರೂ ಹೊಸ ಬಟ್ಟೆ ಉಟ್ಟು ಬಂದಿದ್ದರು. ಚಾಚಾ ಹ್ಯಾಂಡಲ್ ಹಿಡಿದು ಕೂತರು. ಚಾಚಿ ಪಕ್ಕಕ್ಕೆ ಹತ್ತಿ ಕೂತರು, ಕಾಲು ಚಾಚಿದರು, ಮೊಣಕಾಲು ಎಲ್ಲಿ ತಾಗುತ್ತದೆ ಎಂದು ತೋರಿಸಿದರು, ಆಮೇಲೆ ಕೆಳಗಿಳಿದು ಸೆರಗು ಸರಿಮಾಡಿಕೊಂಡರು.

“ಸೀಟ ಛಲೋ ಆಗೇತ್ರಿ ಅಕ್ಕಾರ. ಮೊದಲಿಂದಕ್ಕಿಂತ ಛಲೋ ಐತಿ. ಆದ್ರ ನಾ ಇನ್ನ ತಿರಗಾಕ ಹೋಗೂದಿಲ್ರಿ. ಕೌದಿ ಕೆಲಸ ಕೈ ಹಿಡದೈತಿ, ಓಣಿ ಹೆಣ್ಮಕ್ಕಳು ಕೂಡ್ಕೊಂಡ ಬರ್ತಾರ. ಅದನ್ನ ಬಿಟ್ಟ ಹೆಂಗ ಹೋಗ್ಲಿ?”

ಚಾಚಾಗೆ ಈ ಸುದ್ದಿ ಹೊಸದಾಗಿತ್ತೆಂದು ಕಾಣುತ್ತದೆ. ಹ್ಯಾಂಡಲ್ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದರು. ಮಾರ್ಕೆಟಿಂಗ್ ವಿಭಾಗದಿಂದ ಫೋಟೋ ತೆಗೆಯಲು ಬಂದಿದ್ದವನು ಕ್ಯಾಮೆರಾ ಕೆಳಗಿಳಿಸಿದ. ಚಾಚಾ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

“ಹೋಗ್ಲಿ ಬಿಡು. ಯಾರರ ದಾರ್ಯಾಗ ಕೈ ಮಾಡಿದ್ರ ಹತ್ತಿಸ್ಕೊಂಡ ಹೋಗ್ತೇನಿ. ನಿನ್ನಂಗ ಜಗಳಾ ತಗಿಯೂದಿಲ್ಲ ಅವರು.”

ಚಾಚಿ ಜೋರಾಗಿ ನಕ್ಕರು. ಅವರ ಜೊತೆ ಇನ್ನೊಂದು ನಗೆ ಕೇಳಿಸಿತು. ಅದು ನನ್ನದೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಬಗ್ಗಿ, ಚಾಚಿಯ ಮೊಣಕಾಲು ತಾಗಿದ್ದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದೆ.