ಗರಗಸಕ್ಕೆ ಮುಚ್ಚಳ ಬೇಡವೆಂದವನು

ಮರ ಕೊಯ್ಯುವ ಆ ಮಿಲ್ಲಿನಲ್ಲಿ ಅವನನ್ನು ಎಲ್ಲರೂ ಮೊಂಡಣ್ಣ ಎನ್ನುತ್ತಿದ್ದರು. ಎಡಗೈಯ ಎರಡು ಬೆರಳು ಗರಗಸದ ಪಾಲಾಗಿದ್ದವು. ಕೇಳಿದರೆ, "ಬೆರಳು ಅಡ್ಡ ಬಂತು, ಚಕ್ರದ್ದೇನು ತಪ್ಪು?" ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಿದ್ದ. ಗರಗಸದ ಚಕ್ರಕ್ಕೆ ಮುಚ್ಚಳ ಹಾಕಬಾರದು, ತಿರುಗುವ ಹಲ್ಲು ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಗೆ ಸೀಳುತ್ತದೆ ಎಂಬುದು ಅವನ ವಾದ. ಇನ್ನೊಂದು ಹಠವೂ ಇತ್ತು: ಒಮ್ಮೆ ಚಾಲೂ ಮಾಡಿದ ಗರಗಸವನ್ನು ನೀರು ಕುಡಿಯಲೂ ನಿಲ್ಲಿಸುತ್ತಿರಲಿಲ್ಲ. ಹೆಂಡತಿಯೇ ಬೆನ್ನ ಹಿಂದೆ ಬಂದು ನಿಂತು ಚೊಂಬನ್ನು ಬಾಯಿಗೆ ಹಿಡಿಯಬೇಕು. ಮಹಾರಾಜರಿಗೂ ಅಷ್ಟು ಸೇವೆ ಸಿಕ್ಕಿರಲಿಕ್ಕಿಲ್ಲ.

ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮ ಒಂದು ಬೆಳಿಗ್ಗೆ ಚಕ್ರದ ಮೇಲೆ ಕಬ್ಬಿಣದ ಮುಚ್ಚಳ ಕೂರಿಸಿ, ಮರ ಹಿಂದಕ್ಕೆ ಸಿಡಿಯದಂತೆ ಒಂದು ಪಟ್ಟಿಯನ್ನೂ ಬಿಗಿದ. ಮೊಂಡಣ್ಣ ಒಳಗೆ ಬಂದವನೇ ಸುತ್ತಿಗೆ ಎತ್ತಿಕೊಂಡ.

"ಅಣ್ಣಾ, ಬೇಡ! ತುಂಡು ಸಿಡಿದ್ರೆ ಯಾರ ತಲೆ ಒಡೆಯುತ್ತೋ!"

"ನಂಗೇ ಕಸುಬು ಹೇಳ್ಕೊಡ್ತೀಯೇನೋ?"

ಏಟಿನ ಮೇಲೆ ಏಟು ಬಿದ್ದು ಮುಚ್ಚಳ, ಪಟ್ಟಿ ಎರಡೂ ನುಜ್ಜುಗುಜ್ಜಾದವು. ತಡೆಯಲು ಬಂದ ತಮ್ಮನ ಮುಖಕ್ಕೇ ಗುದ್ದಿದ. ಇಬ್ಬರೂ ಮರದ ಹೊಟ್ಟಿನಲ್ಲಿ ಬಿದ್ದು ಹೊರಳಾಡಿದರು. ತಮ್ಮನ ಹಲ್ಲು ಮುರಿದು ಆ ಹೊಟ್ಟು ಕೆಂಪಾಯಿತು. ಒಡಹುಟ್ಟಿದವನ ರಕ್ತ ನೋಡಿಯೂ ಆ ಪುಣ್ಯಾತ್ಮ ಬಗ್ಗಲಿಲ್ಲ. ಎದ್ದು, ಬಟ್ಟೆ ಕೊಡವಿಕೊಂಡು, ಗರಗಸ ಚಾಲೂ ಮಾಡಿದ.

ಮಧ್ಯಾಹ್ನ ಹೆಂಡತಿ ಎಂದಿನಂತೆ ಚೊಂಬು ಹಿಡಿದು ಹಿಂದೆ ನಿಂತಳು. ಸೀಳುತ್ತಿದ್ದ ಹಲಗೆ ಚಕ್ರವನ್ನು ಕಚ್ಚಿಕೊಂಡಿತು. ಒಂದು ತುಂಡು ಅವನ ಕಿವಿ ಸವರಿಕೊಂಡು ಹಿಂದಕ್ಕೆ ಹಾರಿತು. ಅದು ಅವಳ ಕಣ್ಣಿಗೇ ಬಡಿಯಿತು. ಮುಖ ಹಿಡಿದುಕೊಂಡು ಕುಸಿದಳು. ಬೆರಳ ಸಂದಿಯಿಂದ ರಕ್ತ ಸುರಿಯಿತು.

ಬಲಗಣ್ಣು ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತ ಮೊಂಡಣ್ಣ ಅವಳ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂದಿತ್ತು. ಅವಳು ಕಾಯುತ್ತಿದ್ದುದೂ ಅದಕ್ಕೇ. ಅದೊಂದು ಸಿಕ್ಕಿದ್ದರೆ ಸಾಕಿತ್ತು, ಅವನ ಜೊತೆ ಮನೆಗೆ ಮರಳುತ್ತಿದ್ದಳು. ಅಷ್ಟರಲ್ಲಿ, ತುಟಿ ಬಾತುಕೊಂಡು ನಿಂತಿದ್ದ ತಮ್ಮ ಕೇಳಿಬಿಟ್ಟ: "ಈಗ್ಲಾದ್ರೂ ಒಪ್ಕೋತೀಯಾ ಅಣ್ಣಾ?"

ಸೋಲುವುದೇ? ಅದೂ ತಮ್ಮನ ಮುಂದೆ? ಬಂದ ಮಾತನ್ನು ನುಂಗಿಕೊಂಡ. ಹಾಳು ನಾಲಿಗೆ ಬೇರೆಯದನ್ನೇ ಆಡಿತು.

"ಅವಳು ಅಲ್ಲಿ ನಿಂತ್ಕೋಬಾರ್ದಿತ್ತು."

ಹೆಂಡತಿ ಉಳಿದ ಒಂದು ಕಣ್ಣಿನಿಂದ ಅವನನ್ನು ನೋಡಿದಳು. ಆಮೇಲೆ ಮೈದುನನ ಕಡೆ ತಿರುಗಿದಳು.

"ನಿಮ್ಮಣ್ಣ ಹೇಳಿದ್ದು ಸರಿ ಕಣಪ್ಪ. ನಾನು ಅವ್ರ ಹತ್ರ ಎಲ್ಲೂ ನಿಂತ್ಕೋಬಾರ್ದಿತ್ತು. ನನ್ನ ತಂಗಿಗೆ ಹೇಳಿ ಕಳಿಸು, ಇಲ್ಲಿಂದ ಅವಳ ಮನೆಗೇ ಹೋಗ್ತೀನಿ."